ಕೆಂಪು ಕಣ್ಣಿಗೆ ರಾಯಚೂರಿನಲ್ಲಿ ಸಿಗುವ ಚಿಕಿತ್ಸೆ: ಒಂದು ಖಾಸಗಿ ಕಣ್ಣಾಸ್ಪತ್ರೆಯ ವಿಮರ್ಶೆ

ರಾಯಚೂರಿನಲ್ಲಿ ಕಣ್ಣು ಕೆಂಪಾದವರು ಸಾಮಾನ್ಯವಾಗಿ ಮೊದಲು ಹೋಗುವುದು ಮೆಡಿಕಲ್ ಶಾಪ್‌ಗೆ, ಅಲ್ಲಿನ ಹನಿಯಿಂದ ಗುಣ ಕಾಣದಿದ್ದರೆ ಕನ್ನಡಕದ ಅಂಗಡಿಗೆ, ಅದೂ ಮುಗಿದ ಮೇಲೆ ಕಣ್ಣಿನ ಡಾಕ್ಟರ ಬಳಿಗೆ. ಹೀಗೆ ತಡವಾಗಿ ಬಂದ ರೋಗಿಯನ್ನು ಒಂದು ಆಸ್ಪತ್ರೆ ಹೇಗೆ ನೋಡುತ್ತದೆ, ಉರಿಯೂತಕ್ಕೆ ಯಾವ ಯಾವ ಚಿಕಿತ್ಸೆಗಳನ್ನು ಮುಂದಿಡುತ್ತದೆ, ಯಾವುದು ತನ್ನ ಕೈಮೀರಿದ್ದು ಎಂದು ಒಪ್ಪಿಕೊಳ್ಳುತ್ತದೆ ಎಂಬುದನ್ನು ನನ್ನ ತಮ್ಮನ ಕಣ್ಣಿನ ಚಿಕಿತ್ಸೆಯ ಉದ್ದಕ್ಕೂ ಗಮನಿಸುವ ಅವಕಾಶ ನನಗೆ ಸಿಕ್ಕಿತು. ನಗರದ ಆ ಖಾಸಗಿ ಕಣ್ಣಾಸ್ಪತ್ರೆಯ ಬಗ್ಗೆ ಮೆಚ್ಚುಗೆಯ ಜೊತೆಗೆ ಕೆಲವು ತಕರಾರುಗಳೂ ಇರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ. ಕಣ್ಣಿನ ಉರಿಯೂತದ ವಿಷಯದಲ್ಲಿ ನಾನು ಅಂಕ ಕೊಡುವುದು ಎರಡು ಸಂಗತಿಗಳಿಗೆ: ಕೆಂಪು ಎಲ್ಲಿಂದ ಬಂತೆಂದು ಹುಡುಕಿದರೇ, ಮತ್ತು ಶುರು ಮಾಡಿದ ಔಷಧವನ್ನು ನಿಲ್ಲಿಸುವ ದಾರಿಯನ್ನು ಸರಿಯಾಗಿ ತೋರಿಸಿದರೇ.

ನನ್ನ ತಮ್ಮ, ನಗರದ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಬಲಗಣ್ಣು ಕೆಂಪಾಗಿ, ಒಳಗಿನಿಂದ ನೋವು ಶುರುವಾದಾಗ ಅಂಗಡಿಯವರೆಲ್ಲ ಹತ್ತಿಯ ಧೂಳು ಬಿದ್ದಿರಬೇಕೆಂದರು. ಮೆಡಿಕಲ್ ಶಾಪ್‌ನಲ್ಲಿ ಯಾವ ಚೀಟಿಯನ್ನೂ ಕೇಳದೆ ಕೊಟ್ಟ ಬಾಟಲಿಯಲ್ಲಿ ಆ್ಯಂಟಿಬಯೋಟಿಕ್ ಮತ್ತು ಸ್ಟಿರಾಯ್ಡ್ ಎರಡೂ ಬೆರೆತಿದ್ದವು. ಸ್ಟಿರಾಯ್ಡ್ ಯಾವ ಉರಿಯೂತವನ್ನಾದರೂ ಸ್ವಲ್ಪ ಮಟ್ಟಿಗೆ ಅದುಮುತ್ತದೆಯಾದ್ದರಿಂದ ಕೆಂಪು ಬೇಗನೆ ಇಳಿಯಿತು. ಇಳಿಯಿತೆಂದು ಅವನು ಹನಿ ಬಿಡುವುದನ್ನು ನಿಲ್ಲಿಸಿದ. ನಿಲ್ಲಿಸಿದ ಮೇಲೆ ನೋವು ಮೊದಲಿಗಿಂತ ಜೋರಾಗಿ ಮರಳಿತು. ಈ ಸಲ ಬೆಳಕನ್ನು ನೋಡುವುದೇ ಅಸಾಧ್ಯವಾಗಿತ್ತು, ಎದುರಿಗಿದ್ದವರ ಮುಖ ಮಂಜಿನ ಆಚೆ ಇದ್ದಂತೆ ಕಾಣುತ್ತಿತ್ತು. ರಾಯಚೂರಿನ ಬಿಸಿಲಿನಲ್ಲಿ ಅಂಥ ಕಣ್ಣನ್ನು ಇಟ್ಟುಕೊಂಡು ರಸ್ತೆ ದಾಟುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಎಲ್ಲ ಕೆಂಪು ಕಣ್ಣಿಗೂ ಕಣ್ಣು ಬೇನೆ ಅಥವಾ ಮದ್ರಾಸ್ ಐ ಎಂದೇ ಹೆಸರು. ನಿಜವಾದ ಮದ್ರಾಸ್ ಐ ಬಹುಪಾಲು ಅಡಿನೊವೈರಸ್‌ನಿಂದ ಬರುವ ಸೋಂಕು. ಅದರಲ್ಲಿ ಕಣ್ಣಿನಿಂದ ನೀರು ಮತ್ತು ಪಿಸುರು ಬರುತ್ತವೆ, ಬೆಳಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತವೆ, ಒಂದು ಕಣ್ಣಿನಿಂದ ಇನ್ನೊಂದಕ್ಕೂ, ಮನೆಯ ಒಬ್ಬರಿಂದ ಇನ್ನೊಬ್ಬರಿಗೂ ಹಬ್ಬುತ್ತದೆ, ದೃಷ್ಟಿ ಸಾಮಾನ್ಯವಾಗಿ ಹೆಚ್ಚು ಕೆಡುವುದಿಲ್ಲ, ಮತ್ತು ಅದು ವೈರಸ್ ಆದ್ದರಿಂದ ಆ್ಯಂಟಿಬಯೋಟಿಕ್ ಹನಿ ಅದನ್ನು ಗುಣಪಡಿಸುವುದಿಲ್ಲ. ತಮ್ಮನಿಗೆ ಬಂದದ್ದು ಯುವಿಯೈಟಿಸ್, ಅಂದರೆ ಕಣ್ಣಿನ ಮಧ್ಯಪದರದ ಉರಿಯೂತ. ಬಣ್ಣದ ಭಾಗವಾದ ಐರಿಸ್, ಅದರ ಹಿಂದಿನ ಸಿಲಿಯರಿ ಸ್ನಾಯು ಇರುವ ಭಾಗ, ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲಕ್ಕೆ ರಕ್ತ ಒದಗಿಸುವ ಕೋರಾಯ್ಡ್ ಈ ಮೂರೂ ಸೇರಿ ಆ ಪದರವಾಗುತ್ತದೆ. ಮುಂಭಾಗಕ್ಕೆ ಉರಿಯೂತ ಬಂದರೆ ನೋವು, ಕೆಂಪು, ಬೆಳಕಿನ ತೊಂದರೆ ಕಾಣಿಸಿಕೊಳ್ಳುತ್ತವೆ. ಹಿಂಭಾಗಕ್ಕೆ ಬಂದರೆ ಸಾಮಾನ್ಯವಾಗಿ ನೋವೂ ಇಲ್ಲ, ಕೆಂಪೂ ಇಲ್ಲ, ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲಿದಂತಾಗಿ ದೃಷ್ಟಿ ಮಸುಕಾಗುತ್ತಾ ಹೋಗುತ್ತದೆ. ಎರಡನೆಯದು ಹೆಚ್ಚು ಮೋಸದ್ದು.

ಆಸ್ಪತ್ರೆಯ ನೋಂದಣಿ ಕೌಂಟರ್‌ನಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲ. ಟೋಕನ್, ಗದ್ದಲ, ಪೊರೆಯ ಶಸ್ತ್ರಚಿಕಿತ್ಸೆಗೆ ಬಂದ ಹಿರಿಯರ ದೊಡ್ಡ ಸಾಲು. ಆದರೆ ಅಲ್ಲಿ ಕೂತ ಹುಡುಗಿ, ನನ್ನ ತಮ್ಮ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದನ್ನು ಕಂಡು, "ನೋವು ಐತೇನ್ರೀ, ಕಾಣಂಗಿಲ್ಲೇನ್ರೀ?" ಎಂದು ಕೇಳಿ, ಅವನ ಫೈಲನ್ನು ಮುಂದಕ್ಕೆ ಸರಿಸಿದಳು. ನೋವಿನ ಜೊತೆ ದೃಷ್ಟಿ ಕಡಿಮೆಯಾಗಿರುವ ಕೆಂಪು ಕಣ್ಣನ್ನು ಸಾಲಿನಲ್ಲಿ ಕಾಯಿಸಬಾರದೆಂಬ ತಿಳಿವಳಿಕೆ ಕೌಂಟರ್‌ನ ಮಟ್ಟಕ್ಕೂ ಇಳಿದಿರುವುದು ಸಣ್ಣ ಸಂಗತಿಯಲ್ಲ.

ತಪಾಸಣೆಯೇ ಈ ಆಸ್ಪತ್ರೆಯ ಗಟ್ಟಿ ಭಾಗ. ಮೊದಲು ಅಕ್ಷರದ ಬೋರ್ಡ್ ಓದಿಸಿ ಪ್ರತಿ ಕಣ್ಣಿನ ದೃಷ್ಟಿಯನ್ನು ಬೇರೆ ಬೇರೆ ಬರೆದುಕೊಂಡರು. ಆಮೇಲೆ ವೈದ್ಯೆ ಕಿತ್ತಳೆ ಬಣ್ಣದ ಫ್ಲೋರೆಸಿನ್ ಪಟ್ಟಿಯನ್ನು ಕಣ್ಣಿಗೆ ತಾಗಿಸಿ ನೀಲಿ ಬೆಳಕಿನಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ನೋಡಿದರು. ಕಾರ್ನಿಯಾದ ಮೇಲೆ ಹುಣ್ಣು ಅಥವಾ ಗೀರು ಇದ್ದರೆ ಆ ಜಾಗ ಹಸಿರಾಗಿ ಹೊಳೆಯುತ್ತದೆ. ಅಲ್ಲಿ ಹುಣ್ಣಿಲ್ಲವೆಂದು ಖಚಿತವಾದ ಮೇಲೆ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪ್‌ನ ಬೆಳಕನ್ನು ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲಕ್ಕೆ ಇಳಿಸಿ, ಕೋಣೆಯ ದೀಪ ಆರಿಸಿ, ಕಾರ್ನಿಯಾ ಮತ್ತು ಐರಿಸ್‌ನ ನಡುವಿನ ದ್ರವದಲ್ಲಿ ತೇಲುವ ಬಿಳಿ ರಕ್ತಕಣಗಳನ್ನು ಎಣಿಸಿದರು. ಈ ಎಣಿಕೆಗೆ 2005ರಲ್ಲಿ ಒಪ್ಪಿತವಾದ ಅಂತರರಾಷ್ಟ್ರೀಯ ಅಳತೆಯಿದೆ: ಆ ಚಿಕ್ಕ ಚೌಕದಲ್ಲಿ 6ರಿಂದ 15 ಕಣ ಕಂಡರೆ ಒಂದು ಪ್ಲಸ್, 16ರಿಂದ 25 ಕಂಡರೆ ಎರಡು, 26ರಿಂದ 50ಕ್ಕೆ ಮೂರು, 50ಕ್ಕೂ ಹೆಚ್ಚಾದರೆ ನಾಲ್ಕು. ತಮ್ಮನ ಚೀಟಿಯ ಮೇಲೆ ಮೂರು ಪ್ಲಸ್ ಎಂದು ಬರೆದರು. ಮುಂದಿನ ಪ್ರತಿ ಭೇಟಿಯಲ್ಲೂ ಆ ಸಂಖ್ಯೆ ಬರುತ್ತಿತ್ತು, ಮತ್ತು ಔಷಧ ಕಡಿಮೆ ಮಾಡಬೇಕೇ ಬೇಡವೇ ಎಂಬುದು ಕಣ್ಣಿನ ಬಣ್ಣದ ಮೇಲಲ್ಲ, ಆ ಸಂಖ್ಯೆಯ ಮೇಲೆ ನಿರ್ಧಾರವಾಗುತ್ತಿತ್ತು. ಹಾಗೆಯೇ ಕಣ್ಣಿನ ಒತ್ತಡವನ್ನೂ ಅಳೆದರು. ಪಾಪೆಯನ್ನು ಹಿಗ್ಗಿಸಿ ಹಿಂಭಾಗದ ಅಕ್ಷಿಪಟಲವನ್ನು ನೋಡಿ ಅಲ್ಲಿ ಉರಿಯೂತವಿಲ್ಲವೆಂದರು. ಪಾಪೆ ಹಿಗ್ಗುವಾಗ ದುಂಡಗಾಗದೆ ಒಂದು ಕಡೆ ಜಗ್ಗಿದಂತೆ ಕಂಡಿತು, ಏಕೆಂದರೆ ಐರಿಸ್‌ನ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳಲು ಆಗಲೇ ಶುರುವಾಗಿತ್ತು. ಟಾರ್ಚ್ ಬಿಟ್ಟು ನೋಡಿ ಹನಿ ಬರೆದುಕೊಡುವ ಕಡೆಗಳಲ್ಲಿ ಇದು ಕಣ್ಣಿಗೆ ಬೀಳುವ ಸಂಭವ ಕಡಿಮೆ.

ಹುಣ್ಣಿದೆಯೇ ಎಂದು ಮೊದಲು ನೋಡುವ ಆ ಕ್ರಮದ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ಗದ್ದೆಯಲ್ಲಿ ಕೊಯ್ಲಿನ ಸಮಯಕ್ಕೆ ಗರಿಯೋ, ತೆನೆಯ ಮುಳ್ಳೋ, ಹೊಟ್ಟೋ ಕಣ್ಣಿಗೆ ಬಡಿಯುವುದು ಸಾಮಾನ್ಯ. ಆ ಗೀರಿನೊಳಗೆ ಫ್ಯುಸೇರಿಯಂ ಅಥವಾ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ಸೇರಿಕೊಂಡರೆ ಕಾರ್ನಿಯಾದ ಮೇಲೆ ಬಿಳಿಯ ಹುಣ್ಣಾಗುತ್ತದೆ. ಇದಕ್ಕೆ ಬೇಕಾದ ಔಷಧ ಶೇ. 5ರ ನಟಾಮೈಸಿನ್ ಹನಿ, ಅದೂ ಮೊದಲ ದಿನಗಳಲ್ಲಿ ಗಂಟೆಗೊಮ್ಮೆ. ಅಂಥ ಕಣ್ಣಿಗೆ ಸ್ಟಿರಾಯ್ಡ್ ಬಿಟ್ಟರೆ ನೋವು, ಕೆಂಪು ಸ್ವಲ್ಪ ತಗ್ಗಿ ರೋಗಿಗೆ ಗುಣವಾಯಿತೆನಿಸುತ್ತದೆ, ಒಳಗೆ ಶಿಲೀಂಧ್ರ ತಡೆಯಿಲ್ಲದೆ ಬೆಳೆದು ಕಾರ್ನಿಯಾ ತೂತಾಗುವವರೆಗೂ ಹೋಗಬಹುದು. ಹರ್ಪಿಸ್ ವೈರಸ್‌ನ ಹುಣ್ಣಿಗೂ ಇದೇ ಅಪಾಯ. ಹೆಂಗಸರ ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ ಬಿಡುವ ರೂಢಿಯೂ ನಮ್ಮ ಹಳ್ಳಿಗಳಲ್ಲಿ ಉಳಿದಿದೆ. ಗಾಯವಾದ ಕಣ್ಣಿಗೆ ಅವು ಹೊಸ ಸೋಂಕನ್ನು ಒಯ್ಯುತ್ತವೆ. ಒಂದೇ ಬಾಟಲಿಯನ್ನು ಎಲ್ಲರ ಕೈಗೆ ಇಡುವ ಮೆಡಿಕಲ್ ಶಾಪ್‌ಗಳ ಮೇಲೆ ನನಗಿರುವ ಸಿಟ್ಟಿಗೆ ತಮ್ಮನ ಕಣ್ಣಿಗಿಂತ ಈ ರೈತರ ಕಣ್ಣುಗಳೇ ದೊಡ್ಡ ಕಾರಣ.

ಇನ್ನು ಚಿಕಿತ್ಸೆ. ತಮ್ಮನಿಗೆ ಬರೆದದ್ದು ಶೇ. 1ರ ಪ್ರೆಡ್ನಿಸೊಲೋನ್ ಅಸಿಟೇಟ್ ಹನಿ, ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ. ಜೊತೆಗೆ ಪಾಪೆಯನ್ನು ಹಿಗ್ಗಿಸಿಡುವ ಹೋಮಾಟ್ರೊಪಿನ್. ಮೆಡಿಕಲ್ ಶಾಪ್‌ನವರು ಕೊಟ್ಟದ್ದೂ ಸ್ಟಿರಾಯ್ಡ್, ಇವರು ಕೊಟ್ಟದ್ದೂ ಸ್ಟಿರಾಯ್ಡ್, ಹಾಗಾದರೆ ವ್ಯತ್ಯಾಸವೇನು ಎಂದು ತಮ್ಮ ನೇರವಾಗಿಯೇ ಕೇಳಿದ. ವೈದ್ಯೆ ಬೇಸರಪಡದೆ ಉತ್ತರಿಸಿದರು: ಹುಣ್ಣಿಲ್ಲವೆಂದು ನೋಡಿ ಕೊಡುವುದು, ಸಾಕಷ್ಟು ಪ್ರಮಾಣದಲ್ಲಿ ಕೊಡುವುದು, ಒಮ್ಮೆಲೇ ನಿಲ್ಲಿಸದೆ ಇಳಿಸುತ್ತಾ ಬರುವುದು, ಅಷ್ಟು ದಿನವೂ ಒತ್ತಡ ಅಳೆಯುತ್ತಿರುವುದು. ಪ್ರೆಡ್ನಿಸೊಲೋನ್ ಅಸಿಟೇಟ್ ನೀರಿನಲ್ಲಿ ಕರಗದೆ ತಳಕ್ಕೆ ಕೂರುವ ಪುಡಿಯಾದ್ದರಿಂದ ಪ್ರತಿ ಸಲವೂ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸದಿದ್ದರೆ ಕಣ್ಣಿಗೆ ಬೀಳುವುದು ಹೆಚ್ಚುಕಡಿಮೆ ಬರೀ ನೀರು. ಇದನ್ನು ಬಾಯಲ್ಲಿ ಹೇಳಿ ಬಿಡದೆ ನರ್ಸ್ ತಾನೇ ಬಾಟಲಿಯನ್ನು ಅಲ್ಲಾಡಿಸಿ, ಕೆಳರೆಪ್ಪೆಯನ್ನು ಎಳೆದು ಒಂದು ಹನಿ ಬಿಟ್ಟು, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು ತೋರಿಸಿದಳು. ಎರಡು ಔಷಧಗಳ ನಡುವೆ ಐದು ನಿಮಿಷದ ಅಂತರವಿರಲಿ, ಬಾಟಲಿ ತೆರೆದು ತಿಂಗಳಾದ ಮೇಲೆ ಎಸೆಯಿರಿ ಎಂದೂ ಹೇಳಿದಳು.

ಹೋಮಾಟ್ರೊಪಿನ್‌ನ ಕೆಲಸ ಎರಡು ತೆರನಾದದ್ದು. ಸೆಳೆತಕ್ಕೊಳಗಾದ ಸಿಲಿಯರಿ ಸ್ನಾಯುವಿಗೆ ವಿಶ್ರಾಂತಿ ಕೊಟ್ಟು ಅದು ನೋವನ್ನು ಇಳಿಸುತ್ತದೆ; ಐರಿಸ್ ಮಸೂರಕ್ಕೆ ಅಂಟದಂತೆ ಪಾಪೆಯನ್ನು ಅಗಲವಾಗಿಡುತ್ತದೆ. ಉರಿಯೂತ ಇನ್ನೂ ತೀವ್ರವಾಗಿದ್ದರೆ ಅಟ್ರೊಪಿನ್ ಬರೆಯುತ್ತಾರೆ, ಅದರ ಪರಿಣಾಮ ಒಂದು ವಾರವೋ ಅದಕ್ಕಿಂತ ಹೆಚ್ಚೋ ಉಳಿಯುತ್ತದೆ. ಹನಿ ಬಿದ್ದ ಕಣ್ಣಿಗೆ ಹತ್ತಿರದ ಅಕ್ಷರ ಕಾಣುವುದಿಲ್ಲವೆಂಬುದನ್ನು ಮಾತ್ರ ಆಸ್ಪತ್ರೆಯಲ್ಲಿ ಯಾರೂ ಮುಂಚಿತವಾಗಿ ಹೇಳಲಿಲ್ಲ. ಖಾತೆ ಪುಸ್ತಕದಲ್ಲಿ ಕ್ವಿಂಟಲಿನ ಲೆಕ್ಕ ಬರೆಯಲು ಕೂತ ತಮ್ಮನಿಗೆ 3 ಯಾವುದು, 8 ಯಾವುದು ಎಂದು ತಿಳಿಯದೆ, ಕಣ್ಣು ಹೋಗಿಯೇ ಬಿಟ್ಟಿತೆಂದು ಗಾಬರಿಯಾಗಿ ನನಗೆ ಫೋನ್ ಮಾಡಿದ. ಹಿಸಾಬು ಬರೆಯುವವರಿಗೆ, ಬಟ್ಟೆ ಹೊಲಿಯುವವರಿಗೆ, ಗಾಡಿ ಓಡಿಸುವವರಿಗೆ ಈ ಒಂದು ವಾಕ್ಯವನ್ನು ಹೇಳಿ ಕಳಿಸಬೇಕಾದದ್ದು ಆಸ್ಪತ್ರೆಯ ಕರ್ತವ್ಯ. ಹನಿ ಬಿಡುವುದನ್ನು ಅಷ್ಟು ಚೆನ್ನಾಗಿ ಕಲಿಸುವವರು ಇದನ್ನು ಬಿಟ್ಟದ್ದು ಅಚ್ಚರಿ.

ಔಷಧ ಇಳಿಸುವ ವೇಳಾಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದು ಕೊಟ್ಟರು: ಗಂಟೆಗೊಮ್ಮೆ ಇದ್ದದ್ದು ದಿನಕ್ಕೆ ಆರು ಸಲ, ನಂತರ ನಾಲ್ಕು, ಮೂರು, ಎರಡು, ಒಂದು. ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ಆರು ವಾರವಾದರೂ ಹಿಡಿಯುತ್ತದೆ. ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು, ಅದರ ಮೇಲೆ ವೈದ್ಯರ ಸಂಕ್ಷಿಪ್ತಾಕ್ಷರಗಳು ಬೇರೆ. ಲಿಂಗಸುಗೂರಿನಿಂದಲೋ ದೇವದುರ್ಗದಿಂದಲೋ ಬಂದ ರೈತರೊಬ್ಬರು ಅದನ್ನು ಯಾರ ಬಳಿ ಓದಿಸಬೇಕು? ಈ ರೋಗದಲ್ಲಿ ಹನಿಯ ಲೆಕ್ಕ ತಪ್ಪಿದರೆ ಚಿಕಿತ್ಸೆಯೇ ತಪ್ಪಿದಂತಾಗುವುದರಿಂದ, ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಪಟ್ಟಿ ಇಲ್ಲದಿರುವುದಕ್ಕೆ ನಾನು ನಿರ್ದಾಕ್ಷಿಣ್ಯವಾಗಿ ಅಂಕ ಕಳೆಯುತ್ತೇನೆ.

ಮರುತಪಾಸಣೆಗಳಲ್ಲಿ ಒತ್ತಡ ಅಳೆಯುವುದನ್ನು ಒಂದು ಸಲವೂ ಬಿಡಲಿಲ್ಲ. ಸ್ಟಿರಾಯ್ಡ್ ಹನಿಯಿಂದ ಕೆಲವರಿಗೆ ಕೆಲವೇ ವಾರಗಳಲ್ಲಿ ಕಣ್ಣಿನ ಒತ್ತಡ ಏರುತ್ತದೆ, ಅದು ನೋವಿಲ್ಲದೆ ಏರುವುದರಿಂದ ಅಳೆಯದೆ ಗೊತ್ತಾಗುವುದಿಲ್ಲ, ಬಿಟ್ಟರೆ ಗ್ಲಾಕೋಮಾ ಆಗಿ ದೃಷ್ಟಿನರವೇ ಹಾಳಾಗುತ್ತದೆ. ದೀರ್ಘಕಾಲ ಬಳಸಿದರೆ ಪೊರೆಯೂ ಬರುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸ. ತಮ್ಮನದು ಒಮ್ಮೆ ಆ ಮೇಲಿನ ಮಿತಿಯನ್ನು ದಾಟಿದಾಗ ಸ್ಟಿರಾಯ್ಡ್ ನಿಲ್ಲಿಸುವ ಆತುರ ತೋರದೆ, ಒತ್ತಡ ಇಳಿಸುವ ಟಿಮೊಲಾಲ್ ಹನಿಯನ್ನು ಸೇರಿಸಿದರು. ಅದನ್ನು ಬರೆಯುವ ಮುನ್ನ ದಮ್ಮು, ಅಸ್ತಮಾ ಇದೆಯೇ ಎಂದು ಕೇಳಿದ್ದನ್ನು ನಾನು ವಿಶೇಷವಾಗಿ ಗುರುತು ಮಾಡಿಕೊಂಡೆ, ಏಕೆಂದರೆ ಅಸ್ತಮಾ ಇರುವವರಿಗೆ ಆ ಹನಿ ಉಸಿರಿನ ತೊಂದರೆ ತರಬಲ್ಲದು. ಮೆಚ್ಚದ ಸಂಗತಿಯೆಂದರೆ, ಭೇಟಿಯಿಂದ ಭೇಟಿಗೆ ವೈದ್ಯರು ಬದಲಾಗುತ್ತಿದ್ದರು, ಕಾಯುವ ಹೊತ್ತಂತೂ ಅರ್ಧ ದಿನವನ್ನು ನುಂಗುತ್ತಿತ್ತು. ಫೈಲಿನಲ್ಲಿ ಕಣಗಳ ಸಂಖ್ಯೆ ಇದ್ದುದರಿಂದ ವೈದ್ಯರು ಬದಲಾದರೂ ದಾರಿ ತಪ್ಪಲಿಲ್ಲ.

ನನ್ನ ಲೆಕ್ಕದಲ್ಲಿ ಈ ಆಸ್ಪತ್ರೆಗೆ ಅತಿ ಹೆಚ್ಚು ಅಂಕ ತಂದದ್ದು ಕಣ್ಣಿಗೆ ಸಂಬಂಧವೇ ಇಲ್ಲವೆಂಬಂತೆ ಕೇಳಿದ ಒಂದು ಪ್ರಶ್ನೆ. "ಮುಂಜಾನೆ ಎದ್ದ ಕೂಡ್ಲೇ ನಡ ಬಿಗಿ ಹಿಡಿತದೇನ್ರಿ? ಓಡಾಡಿದ ಮ್ಯಾಲೆ ಸಡಿಲಾಗ್ತದೋ, ಜಾಸ್ತಿ ಆಗ್ತದೋ?" ಸಡಿಲಾಗುತ್ತದೆ ಎಂದ ತಮ್ಮ. ಗದ್ದಿಗೆಯ ಮೇಲೆ ಕೂತು ಲೆಕ್ಕ ಬರೆಯುವ ಕಸುಬಿಗೆ ಬೆನ್ನುನೋವು ಸಹಜವೆಂದು ಅವನು ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡು ಕಾಲ ಕಳೆದಿದ್ದ. ವಿಶ್ರಾಂತಿಯಲ್ಲಿ ಹೆಚ್ಚಾಗಿ ಚಲನೆಯಿಂದ ಕಡಿಮೆಯಾಗುವ ಬೆನ್ನುನೋವು ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಸಂಧಿವಾತದ ಲಕ್ಷಣ. ಅದಕ್ಕೂ, ಯುವಕರಲ್ಲಿ ಒಂದೊಂದೇ ಕಣ್ಣಿಗೆ ಮರುಕಳಿಸಿ ಬರುವ ಯುವಿಯೈಟಿಸ್‌ಗೂ ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿಯ ನಂಟಿದೆಯೆಂಬುದು 1973ರಿಂದಲೇ ತಿಳಿದ ಸಂಗತಿ. ರಕ್ತಪರೀಕ್ಷೆಯಲ್ಲಿ ಅದು ಪಾಸಿಟಿವ್ ಬಂತು. ಹೀಗೆ ಕಣ್ಣಿನ ಡಾಕ್ಟರು ಬೆನ್ನಿನ ರೋಗವನ್ನು ಹಿಡಿದುಕೊಟ್ಟರು.

ಅದರ ಜೊತೆಯಲ್ಲೇ ಕ್ಷಯಕ್ಕಾಗಿ ಮಾಂಟೂ ಪರೀಕ್ಷೆ ಹಾಗೂ ಎದೆಯ ಎಕ್ಸ್‌ರೇ, ಸಿಫಿಲಿಸ್‌ಗಾಗಿ ರಕ್ತಪರೀಕ್ಷೆ ಮಾಡಿಸಿದರು. ಇವೆಲ್ಲ ಬಿಲ್ ಏರಿಸುವ ತಂತ್ರವೆಂದು ಮೊದಲು ಅನಿಸುವುದು ಸಹಜ. ಆದರೆ ನಮ್ಮ ದೇಶದಲ್ಲಿ ಯುವಿಯೈಟಿಸ್‌ಗೆ ಕ್ಷಯ ಒಂದು ಮುಖ್ಯ ಕಾರಣ, ಅಂಥವರಿಗೆ ಕ್ಷಯದ ಔಷಧವಿಲ್ಲದೆ ಬರೀ ಸ್ಟಿರಾಯ್ಡ್ ಕೊಟ್ಟರೆ ಒಳಗಿನ ಸೋಂಕಿಗೆ ದಾರಿ ಮಾಡಿಕೊಟ್ಟಂತೆ. ನನ್ನ ತಕರಾರು ಪರೀಕ್ಷೆಗಳ ಮೇಲಲ್ಲ; ಎಚ್‌ಎಲ್‌ಎ ಪರೀಕ್ಷೆ ಹೊರಗಿನ ಲ್ಯಾಬ್‌ಗೆ ಹೋಗುತ್ತದೆ, ಅದರ ದರ ಉಳಿದವುಗಳಿಗಿಂತ ಬಹಳ ಹೆಚ್ಚು ಎಂಬುದನ್ನು ರಕ್ತ ತೆಗೆದ ಮೇಲೆ ತಿಳಿಸಿದ್ದರ ಮೇಲೆ.

ಹನಿಯಿಂದ ಹತೋಟಿಗೆ ಬಾರದವರಿಗೆ, ಅಥವಾ ಉರಿಯೂತ ಕಣ್ಣಿನ ಹಿಂಭಾಗದಲ್ಲಿರುವವರಿಗೆ ಮುಂದಿನ ದಾರಿಗಳನ್ನೂ ವೈದ್ಯೆ ಬಿಡಿಸಿ ಹೇಳಿದರು. ಪ್ರೆಡ್ನಿಸೊಲೋನ್ ಮಾತ್ರೆ ಬೇಗ ಕೆಲಸ ಮಾಡುತ್ತದೆ, ಆದರೆ ಸಕ್ಕರೆ, ರಕ್ತದೊತ್ತಡ, ಮೂಳೆ ಎಲ್ಲದರ ಮೇಲೂ ಅದರ ಭಾರ ಬೀಳುತ್ತದೆ. ಕಣ್ಣಿನ ಸುತ್ತ ಅಥವಾ ಒಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಇದೆ, ಡೆಕ್ಸಾಮೆಥಾಸೋನ್ 0.7 ಮಿಲಿಗ್ರಾಂನ ನಿಧಾನವಾಗಿ ಕರಗುವ ಇಂಪ್ಲಾಂಟ್ ಕೂಡ ಇದೆ. ಸ್ಟಿರಾಯ್ಡನ್ನು ದೀರ್ಘಕಾಲ ಅವಲಂಬಿಸದಿರಲು, ರೋಗನಿರೋಧಕ ಶಕ್ತಿಯ ಅತಿರೇಕವನ್ನು ಅದುಮುವ ಮೆಥೊಟ್ರೆಕ್ಸೇಟ್, ಅಜಾಥಯೋಪ್ರಿನ್, ಮೈಕೋಫಿನೋಲೇಟ್ ಮಾತ್ರೆಗಳು. ಇವುಗಳಲ್ಲಿ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಲಿವರ್ ಹಾಗೂ ರಕ್ತಕಣಗಳ ಪರೀಕ್ಷೆ ಆಗಾಗ ಆಗುತ್ತಿರಬೇಕು, ಗರ್ಭಿಣಿಯರಿಗೆ ಅದು ಕೂಡದು. ಅದಕ್ಕೂ ಮುಂದಿನ ಹಂತ, ಅದೇ ಕೆಲಸ ಮಾಡುವ ಅಡಾಲಿಮುಮಾಬ್ ಇಂಜೆಕ್ಷನ್. ಸೋಂಕಿನಿಂದಲ್ಲದ ಯುವಿಯೈಟಿಸ್‌ಗೆ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲೇ, 2014ರಲ್ಲಿ, ಅಹಮದಾಬಾದಿನ ಜೈಡಸ್ ಕಂಪನಿ ಅದರ ಭಾರತೀಯ ರೂಪವನ್ನು ಮಾರುಕಟ್ಟೆಗೆ ತಂದಿದ್ದರಿಂದ ಬೆಲೆ ಮೂಲ ಔಷಧದಷ್ಟಿಲ್ಲವಾದರೂ, ಸಾಮಾನ್ಯ ಕುಟುಂಬಕ್ಕೆ ಅದು ಈಗಲೂ ಭಾರವೇ. ಇದನ್ನು ಶುರು ಮಾಡುವ ಮುನ್ನ ಅಡಗಿದ ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಇಂಪ್ಲಾಂಟ್ ಮತ್ತು ಅಡಾಲಿಮುಮಾಬ್ ತಮ್ಮಲ್ಲಿ ಕೊಡುವುದಿಲ್ಲ, ಆ ಹಂತ ಬಂದರೆ ಯುವಿಯೈಟಿಸ್‌ಗೇ ಪ್ರತ್ಯೇಕ ವಿಭಾಗವಿರುವ ಕಡೆಗೆ ಕಳಿಸುತ್ತೇವೆ ಎಂದು ಅವರೇ ಮೊದಲಿಗೆ ಹೇಳಿದ್ದು ನನಗೆ ಹಿಡಿಸಿತು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಅಲ್ಲಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಗೆ ನಮ್ಮ ಕಡೆಯಿಂದ ಹೋಗಿಬರುವವರು ಮೊದಲಿನಿಂದಲೂ ಇದ್ದಾರೆ. ಬೆಂಗಳೂರಿಗೆ ಹೋಗುವವರಿಗೆ ಸರ್ಕಾರಿ ಮಿಂಟೊ ಆಸ್ಪತ್ರೆಯಿದೆ. ತಮ್ಮನಿಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ; ಬೆನ್ನಿಗೆ ಮಾತ್ರ ಸಂಧಿವಾತ ತಜ್ಞರ ಚಿಕಿತ್ಸೆ ನಡೆದಿದೆ, ಅದು ಹತೋಟಿಯಲ್ಲಿದ್ದರೆ ಕಣ್ಣಿಗೆ ಮರುಕಳಿಸುವುದೂ ಕಡಿಮೆಯಾಗುವ ನಿರೀಕ್ಷೆಯಿದೆ.

ಖರ್ಚಿನ ಚಿಂತೆ ಇರುವವರು ಮೊದಲ ತಪಾಸಣೆಗೆ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ರಿಮ್ಸ್‌ನ ಕಣ್ಣಿನ ವಿಭಾಗಕ್ಕೆ, ಬಳ್ಳಾರಿಯ ಕಡೆಯವರು ಜನ ಇನ್ನೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಈ ರೋಗಕ್ಕೆ ಮೊದಲು ಬೇಕಾದದ್ದು ಸ್ಲಿಟ್ ಲ್ಯಾಂಪ್ ಮತ್ತು ಅದರ ಹಿಂದೆ ಕೂತು ತಾಳ್ಮೆಯಿಂದ ನೋಡುವ ಕಣ್ಣು, ಲೇಸರ್ ಯಂತ್ರಗಳ ಫಲಕವಲ್ಲ.

ಒಟ್ಟಿನಲ್ಲಿ ನಾನು ವಿಮರ್ಶಿಸುತ್ತಿರುವ ಆಸ್ಪತ್ರೆಗೆ ತಪಾಸಣೆ ಮತ್ತು ಕಾರಣ ಹುಡುಕುವ ವಿಷಯದಲ್ಲಿ ಪೂರ್ಣ ಅಂಕ, ಕಾಯಿಸುವ ವಿಷಯದಲ್ಲಿ ಅರ್ಧಕ್ಕಿಂತ ಕಡಿಮೆ, ಕನ್ನಡದಲ್ಲಿ ತಿಳಿಸಿ ಬರೆದುಕೊಡುವ ವಿಷಯದಲ್ಲಿ ಸೊನ್ನೆ. ಅಲ್ಲಿಗೆ ಹೋಗುವವರು ಮೊದಲು ಬಳಸಿದ ಹನಿಯ ಬಾಟಲಿಯನ್ನು, ಮುಗಿದಿದ್ದರೂ, ಜೊತೆಗೆ ಒಯ್ಯಬೇಕು. ಪಾಪೆ ಹಿಗ್ಗಿಸಿದ ಮೇಲೆ ಗಾಡಿ ಓಡಿಸಲಾಗದ್ದರಿಂದ ಜೊತೆಗೆ ಒಬ್ಬರಿರಬೇಕು, ಕಪ್ಪು ಕನ್ನಡಕವೂ ಇರಲಿ. ಪರೀಕ್ಷೆಗಳ ದರವನ್ನು ರಕ್ತ ಕೊಡುವ ಮೊದಲೇ ಕೇಳಿ, ಹನಿಯ ವೇಳಾಪಟ್ಟಿಯನ್ನು ಅಲ್ಲಿಯೇ ಔಷಧದ ಕೌಂಟರ್‌ನವರಿಂದ ಕನ್ನಡದಲ್ಲಿ ಬರೆಸಿಕೊಳ್ಳಿ. ಕೇಳಿದರೆ ಅವರು ಇಲ್ಲವೆನ್ನುವುದಿಲ್ಲ. ಭಾನುವಾರ ಹೊರರೋಗಿ ವಿಭಾಗ ತೆರೆದಿರುವುದಿಲ್ಲ. ಆ ದಿನ ನೋವಿನೊಂದಿಗೆ ದೃಷ್ಟಿ ಮಸುಕಾದರೆ ಸೋಮವಾರದವರೆಗೆ ಕಾಯದೆ ರಿಮ್ಸ್‌ನ ತುರ್ತು ವಿಭಾಗಕ್ಕೆ ಹೋಗಬೇಕು.